ಇಂಗ್ಲಿಷಿನ ‘ಯೂ’ ನೀನೋ ನೀವೋ? ಕಚೇರಿಯಲ್ಲಿ ವಂದನೆ ಹೇಳುವ ಬಗೆ

ಸಂದರ್ಶನ ಇದ್ದದ್ದು ಸಂಜೆ 6.30ಕ್ಕೆ. ಹಾಸನದ ನಮ್ಮ ಬೀದಿಯ ಹುಡುಗಿ, ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದವಳು, ನಾಲ್ಕು ಗಂಟೆಗೇ ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತಿದ್ದಳು. ಓದಿದ ವಿಷಯದ ಬಗ್ಗೆ ಅವಳಿಗೆ ಅಂಜಿಕೆಯಿರಲಿಲ್ಲ. ಅವಳನ್ನು ಕಾಡುತ್ತಿದ್ದದ್ದು ಮೊದಲ ಹತ್ತು ಸೆಕೆಂಡು. ಲ್ಯಾಪ್‌ಟಾಪ್ ಪರದೆಯ ಮೇಲೆ ಮೂವರು ಕಾಣಿಸಿಕೊಳ್ಳಲಿದ್ದರು: ಒಬ್ಬರು ಬೆಂಗಳೂರಿನಿಂದ, ಇನ್ನೊಬ್ಬರು ಲಂಡನ್ನಿನಿಂದ, ಮತ್ತೊಬ್ಬರು ಅಮೆರಿಕದ ನ್ಯೂಜೆರ್ಸಿಯಿಂದ. ಅದು ಮೇ ತಿಂಗಳು. ನಮ್ಮಲ್ಲಿ ಸಂಜೆ 6.30 ಆದಾಗ ಲಂಡನ್ನಿನಲ್ಲಿ ಮಧ್ಯಾಹ್ನ 2 ಗಂಟೆ, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9 ಗಂಟೆ.

‘ಮೂವರಿಗೂ ಮೂರು ಹೊತ್ತು. ನಾನು ಯಾರ ಹೊತ್ತಿಗೆ ನಮಸ್ಕಾರ ಹೇಳಲಿ ಮೇಷ್ಟ್ರೇ?’ ಎಂದು ಕೇಳಿದಳು.

ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿದ ನಾನು ಒಂದು ಕ್ಷಣ ತಡವರಿಸಿದೆ. ವ್ಯಾಕರಣವನ್ನು ಅರೆದು ಕುಡಿಸುವ ನಾವು ವಂದನೆಯ ಪಾಠವನ್ನು ಒಂದನೇ ತರಗತಿಯ ‘ಗುಡ್ ಮಾರ್ನಿಂಗ್ ಟೀಚರ್’ ಎಂಬ ಎಳೆದಾಟದ ರಾಗಕ್ಕೇ ಮುಗಿಸಿಬಿಡುತ್ತೇವೆ. ಅದೇ ಮಕ್ಕಳು ಮುಂದೆ ಲೋಕದ ನಾನಾ ಮೂಲೆಯವರೊಡನೆ ಕೆಲಸ ಮಾಡುವಾಗ ಆ ರಾಗ ಸಾಲುವುದಿಲ್ಲ. ಅವಳ ಪ್ರಶ್ನೆಗೆ ಉತ್ತರ ಸಣ್ಣದು, ಮುಂದೆ ಹೇಳುತ್ತೇನೆ. ಆದರೆ ಅದರ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಇದೆ: ಕನ್ನಡದಲ್ಲಿ ಮರ್ಯಾದೆ ಇರುವ ಜಾಗ ಒಂದು, ಇಂಗ್ಲಿಷಿನಲ್ಲಿ ಅದು ಇರುವ ಜಾಗ ಬೇರೊಂದು. ಇದು ತಿಳಿಯದೆ ನಾವು ಕೆಲವೊಮ್ಮೆ ಬೇಡದ ಕಡೆ ಮರ್ಯಾದೆ ಸುರಿಯುತ್ತೇವೆ, ಬೇಕಾದ ಕಡೆ ಬರಿಗೈ ತೋರಿಸುತ್ತೇವೆ.

## ಪ್ರಶ್ನೆಯಂತೆ ಕಾಣುವ ವಂದನೆ

ಬಸ್ ನಿಲ್ದಾಣದಲ್ಲಿ ಪರಿಚಿತರು ಎದುರಾದರೆ ‘ಊಟ ಆಯಿತೇ?’ ಎನ್ನುತ್ತೇವೆ. ಕೇಳಿಸಿಕೊಂಡವರು ‘ಆಯಿತು, ನಿಮ್ಮದು?’ ಎನ್ನುತ್ತಾರೆ. ನಿಜವಾಗಿ ಊಟ ಆಗಿರದಿದ್ದರೂ ಆಯಿತೆಂದೇ ಹೇಳುವುದುಂಟು. ಇದು ಸುಳ್ಳಲ್ಲ, ಏಕೆಂದರೆ ಕೇಳಿದವರು ಅನ್ನದ ಲೆಕ್ಕ ಕೇಳಿರಲಿಲ್ಲ. ನಿಮ್ಮನ್ನು ಗುರುತಿಸಿದೆ, ನಿಮ್ಮ ಬಗ್ಗೆ ಒಳ್ಳೆಯ ಭಾವವಿದೆ ಎಂದಷ್ಟೇ ಅದರ ಅರ್ಥ. ‘ಎಲ್ಲಿಗೆ ಹೊರಟಿರಿ?’ ಎಂದವರಿಗೂ ‘ಇಲ್ಲೇ’ ಎಂದರೆ ಸಾಕು, ವಿಳಾಸ ಕೊಡಬೇಕಾಗಿಲ್ಲ.

ಇಂಗ್ಲಿಷಿನ ‘ಹೌ ಆರ್ ಯೂ?’ ಕೂಡ ಇದೇ ಜಾತಿಯದು. ಅದು ಆರೋಗ್ಯ ವಿಚಾರಣೆಯ ಉಡುಪು ತೊಟ್ಟ ನಮಸ್ಕಾರ. ಅದಕ್ಕೆ ‘ಐ ಆ್ಯಮ್ ಫೈನ್, ಥ್ಯಾಂಕ್ ಯೂ. ಹೌ ಆರ್ ಯೂ?’ ಎಂದು ಮರಳಿಸಿದರೆ ವ್ಯವಹಾರ ಮುಗಿಯಿತು. ‘ವೆರಿ ವೆಲ್’ ಎಂದರೂ ಸರಿ, ‘ಗುಡ್’ ಎಂದರೂ ಸರಿ. ಮರಳಿ ಕೇಳುವುದನ್ನು ಮರೆಯಬಾರದು, ಅಷ್ಟೇ. ಎರಡು ದಿನದಿಂದ ಮಂಡಿನೋವು ಎಂದು ಅಲ್ಲಿ ಶುರು ಮಾಡಿದರೆ ಎದುರಿನವರು ಗಲಿಬಿಲಿಗೊಳ್ಳುತ್ತಾರೆ.

ಹೀಗೆ ಮಾಹಿತಿಗಾಗಿ ಅಲ್ಲದೆ ಬರಿಯ ನಂಟಿಗಾಗಿ ಆಡುವ ಮಾತನ್ನು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ಪ್ರತ್ಯೇಕ ಬಗೆಯೆಂದು ಗುರುತಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಇದ್ದು ಅವರ ಮಾತುಕತೆಯನ್ನು ಗಮನಿಸಿದವನು ಅವನು. ನಮ್ಮ ಹಳ್ಳಿಕಟ್ಟೆಗೆ ಬಂದಿದ್ದರೂ ಅವನಿಗೆ ಬೇಕಾದಷ್ಟು ಸರಕು ಸಿಗುತ್ತಿತ್ತು.

ಈ ಗುಂಪಿನಲ್ಲಿ ಇನ್ನೆರಡು ಮಾತುಗಳು ನಮ್ಮವರನ್ನು ಮುಗ್ಗರಿಸುತ್ತವೆ. ಒಂದು, ‘ಹೌ ಡು ಯೂ ಡು?’. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಮೊದಲ ಸಲ ಪರಿಚಯವಾದಾಗ ಮಾತ್ರ ಇದನ್ನು ಹೇಳುತ್ತಾರೆ, ಉತ್ತರವಾಗಿಯೂ ಅದೇ ‘ಹೌ ಡು ಯೂ ಡು?’ ಬರುತ್ತದೆ. ಪ್ರಶ್ನೆಗೆ ಪ್ರಶ್ನೆಯೇ ಉತ್ತರ. ಇಂದು ಇದರ ಬಳಕೆ ತೀರ ಕಡಿಮೆಯಾಗಿದೆ. ಯಾರಾದರೂ ಹೇಳಿದರೆ ತಬ್ಬಿಬ್ಬಾಗದಿರಲು ತಿಳಿದಿದ್ದರೆ ಸಾಕು. ಇನ್ನೊಂದು, ಬ್ರಿಟನ್ನಿನ ಸಹೋದ್ಯೋಗಿಗಳು ಬೆಳಿಗ್ಗೆ ಹೇಳುವ ‘ಆಲ್ ರೈಟ್?’. ಅಮೆರಿಕದವರ ಬಾಯಲ್ಲಿ ‘ಆರ್ ಯೂ ಆಲ್ ರೈಟ್?’ ಎಂದರೆ ನಿಮಗೇನೋ ತೊಂದರೆಯಾದಂತಿದೆ ಎಂಬ ಕಾಳಜಿ; ಬ್ರಿಟಿಷರ ಬಾಯಲ್ಲಿ ಅದು ನಮಸ್ಕಾರ ಮಾತ್ರ. ನನ್ನ ಮುಖ ಅಷ್ಟು ಬಾಡಿದೆಯೇ ಎಂದು ಕನ್ನಡಿ ನೋಡಿಕೊಳ್ಳಬೇಕಾಗಿಲ್ಲ.

## ಹೊತ್ತಿಗೆ ತಕ್ಕ ಮಾತು

‘ಗುಡ್ ಮಾರ್ನಿಂಗ್’ ಎಂಬುದು ಒಂದು ಹಾರೈಕೆಯ ತುಣುಕು. ನಿಮಗೆ ಒಳ್ಳೆಯ ಬೆಳಗನ್ನು ಹಾರೈಸುತ್ತೇನೆ ಎಂಬ ವಾಕ್ಯದ ತಲೆಬಾಲ ಸವೆದು ನಡುವಿನ ಎರಡು ಪದ ಉಳಿದಿವೆ. ಮಧ್ಯಾಹ್ನ 12ರವರೆಗೆ ‘ಗುಡ್ ಮಾರ್ನಿಂಗ್’. ಅಲ್ಲಿಂದ ಸುಮಾರು 5 ಗಂಟೆಯವರೆಗೆ ‘ಗುಡ್ ಆಫ್ಟರ್‌ನೂನ್’. ಅನಂತರ ‘ಗುಡ್ ಈವ್ನಿಂಗ್’. ಸಂಜೆಯ ಗಡಿ ಗಡಿಯಾರಕ್ಕಿಂತ ರೂಢಿಗೆ ಸೇರಿದ್ದು. 5 ಗಂಟೆಯೋ 6 ಗಂಟೆಯೋ ಎಂದು ಯಾರೂ ಜಗಳ ಆಡುವುದಿಲ್ಲ.

ಎಡವುವ ಜಾಗ ಬೇರೆ. ರಾತ್ರಿ 9 ಗಂಟೆಗೆ ಕಂಪನಿಯ ಔತಣಕ್ಕೆ ಹೋದಿರಿ ಎಂದುಕೊಳ್ಳಿ. ಬಾಗಿಲಲ್ಲಿ ನಿಂತವರಿಗೆ ‘ಗುಡ್ ನೈಟ್’ ಎಂದರೆ ಬಂದ ಕಾಲಲ್ಲೇ ಹೊರಟಂತಾಗುತ್ತದೆ. ‘ಗುಡ್ ನೈಟ್’ ಬೀಳ್ಕೊಡುಗೆಯ ಮಾತು, ಎದುರುಗೊಳ್ಳುವ ಮಾತಲ್ಲ. ಎಷ್ಟೇ ಹೊತ್ತಾಗಿದ್ದರೂ ಭೇಟಿಯಾದಾಗ ‘ಗುಡ್ ಈವ್ನಿಂಗ್’ ಎಂದೇ ಹೇಳಬೇಕು.

ಭಾರತದಲ್ಲಿ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕ, ಬ್ರಿಟನ್‌ಗಳಲ್ಲಿ ಬೇಸಿಗೆಗೆ ಮುನ್ನ ಅದನ್ನು ಒಂದು ಗಂಟೆ ಮುಂದೆ ತಿರುಗಿಸಿ, ಚಳಿಗಾಲಕ್ಕೆ ಮುನ್ನ ಮತ್ತೆ ಹಿಂದಕ್ಕೆ ತರುತ್ತಾರೆ. ಹಾಗಾಗಿ ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಲಂಡನ್ ನಾಲ್ಕೂವರೆ ಅಥವಾ ಐದೂವರೆ ಗಂಟೆ ಹಿಂದೆ. ಒಬ್ಬರೊಡನೆ ಮಾತಾಡುವಾಗ ಅವರ ಹೊತ್ತಿಗೆ ತಕ್ಕಂತೆ ವಂದಿಸುವುದು ಸೌಜನ್ಯ. ರಾತ್ರಿ ಪಾಳಿಯಲ್ಲಿ ದುಡಿಯುವ ಬೆಂಗಳೂರಿನ ಎಷ್ಟೋ ಜನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ‘ಗುಡ್ ಮಾರ್ನಿಂಗ್’ ಹೇಳುತ್ತಿರುತ್ತಾರೆ. ಹಲವು ಊರಿನವರು ಒಟ್ಟಿಗೆ ಇದ್ದರೆ? ಹೊತ್ತಿನ ಗೊಡವೆಯೇ ಬೇಡ, ‘ಹಲೋ ಎವ್ರಿಒನ್’ ಸಾಕು. ನಮ್ಮ ಬೀದಿಯ ಹುಡುಗಿಗೆ ನಾನು ಹೇಳಿದ್ದು ಇದನ್ನೇ.

ಅವಳಿಗೆ ಅನುಮಾನ. ‘ಹಲೋ’ ಅಂದರೆ ಅಗೌರವ ಅಲ್ಲವೇ? ಅದು ಫೋನಿನಲ್ಲಿ ಕೂಗುವ ಮಾತಲ್ಲವೇ? ಈ ಅನುಮಾನಕ್ಕೆ ಚರಿತ್ರೆಯ ಆಧಾರವಿದೆ. ‘ಹಲೋ’ ಮೊದಲಿಗೆ ಗಮನ ಸೆಳೆಯಲು, ಅಚ್ಚರಿ ತೋರಲು ಕೂಗುವ ಮಾತಾಗಿತ್ತು, ನಮ್ಮ ‘ಏಯ್’, ‘ಓಹೋ’ ಇದ್ದಂತೆ. ದೂರವಾಣಿ ಬಂದಾಗ ಕರೆಯನ್ನು ಹೇಗೆ ಶುರು ಮಾಡುವುದೆಂಬ ಪ್ರಶ್ನೆ ಎದ್ದಿತು. ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ನಾವಿಕರ ‘ಅಹೋಯ್’ ಇಷ್ಟವಾಗಿತ್ತು. ಥಾಮಸ್ ಎಡಿಸನ್ 1877ರ ಆಗಸ್ಟ್‌ನಲ್ಲಿ ಬರೆದ ಪತ್ರವೊಂದರಲ್ಲಿ ‘ಹಲೋ’ ಎಂದರೆ ದೂರದಿಂದಲೂ ಕೇಳಿಸುತ್ತದೆ ಎಂದು ಸೂಚಿಸಿದ. ಎಡಿಸನ್ ಗೆದ್ದ. ಬೆಲ್ ಗೆದ್ದಿದ್ದರೆ ನಾವೆಲ್ಲ ಇಂದು ಮೊಬೈಲ್ ಎತ್ತಿಕೊಂಡು ದೋಣಿಯವರಂತೆ ಕೂಗುತ್ತಿದ್ದೆವು. ಒಂದೂವರೆ ಶತಮಾನದ ಬಳಕೆಯಿಂದ ‘ಹಲೋ’ ಸಭ್ಯವಾಗಿದೆ. ಕಚೇರಿಯಲ್ಲಿ ಯಾರಿಗೆ ಹೇಳಿದರೂ ತಪ್ಪಿಲ್ಲ. ‘ಹಾಯ್’ ಅದಕ್ಕಿಂತ ಒಂದು ಮೆಟ್ಟಿಲು ಸಲಿಗೆಯದು. ಪರಿಚಿತ ಸಹೋದ್ಯೋಗಿಗೆ ಸರಿ, ಮೊದಲ ಸಂದರ್ಶನಕ್ಕೆ ಬೇಡ.

## ಮರ್ಯಾದೆ ಕುಳಿತಿರುವ ಜಾಗ

ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿ ಕುಳಿತಿದೆ. ‘ಬಾ’ ಮತ್ತು ‘ಬನ್ನಿ’, ‘ಕೂರು’ ಮತ್ತು ‘ಕುಳಿತುಕೊಳ್ಳಿ’. ಒಂದು ಪ್ರತ್ಯಯ ಸೇರಿದರೆ ಎದುರಿನವರಿಗೆ ಪೀಠ ಹಾಕಿದಂತೆ. ಧಾರವಾಡದ ಕಡೆ ಒಂದು ‘ರೀ’ ಸೇರಿಸಿದರೆ ಮುಗಿಯಿತು, ಜಗಳದ ಮಾತಿಗೂ ಗೌರವ ಬಂದುಬಿಡುತ್ತದೆ. ಆದ್ದರಿಂದಲೇ ‘ದಯವಿಟ್ಟು’ ಎಂಬ ಪದ ನಮಗೆ ದಿನಬಳಕೆಯಲ್ಲಿ ಬೇಕಾಗುವುದಿಲ್ಲ. ಅದು ಹೆಚ್ಚಾಗಿ ಫಲಕಗಳಲ್ಲಿ, ಅರ್ಜಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಗೆ ಬಂದವರಿಗೆ ‘ದಯವಿಟ್ಟು ಕಾಫಿ ಕುಡಿಯಿರಿ’ ಎಂದರೆ ಅವರಿಗೆ ಕಾಫಿಯ ಮೇಲೇ ಸಂಶಯ ಬಂದೀತು.

ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಬಾಲ ಇಲ್ಲ. ‘ಕಮ್’ ಎಂದರೆ ಬಾ ಕೂಡ ಹೌದು, ಬನ್ನಿ ಕೂಡ ಹೌದು. ಅದಕ್ಕೆ ಗೌರವವನ್ನು ಹೊರಗಿನಿಂದ ತಂದು ಜೋಡಿಸಬೇಕು. ಕನ್ನಡದ ತುಂಬು ಗೌರವದ ‘ಕುಳಿತುಕೊಳ್ಳಿ’ಯನ್ನು ‘ಸಿಟ್’ ಎಂದು ಇಳಿಸಿದರೆ ಆ ಗೌರವ ದಾರಿಯಲ್ಲೇ ಸೋರಿಹೋಗುತ್ತದೆ. ಕೇಳುವವರಿಗೆ ಅದು ನಾಯಿಗೆ ಹೇಳಿದಂತೆ ಕೇಳಿಸಬಹುದು. ‘ಪ್ಲೀಸ್ ಹ್ಯಾವ್ ಎ ಸೀಟ್’ ಎಂಬುದು ‘ಕುಳಿತುಕೊಳ್ಳಿ’ಯ ನಿಜವಾದ ತೂಕ. ಫೋನಿನಲ್ಲಿ ‘ಹೇಳಿ’ ಎನ್ನುವುದು ನಮಗೆ ಸೌಜನ್ಯವೇ; ಅದನ್ನೇ ‘ಟೆಲ್ ಮಿ’ ಎಂದರೆ ಆಜ್ಞೆ. ಅಲ್ಲಿಗೆ ಸರಿಹೊಂದುವುದು ‘ಹೌ ಮೇ ಐ ಹೆಲ್ಪ್ ಯೂ?’. ಹಾಗೆಯೇ ‘ನೀವು ಯಾರು ಮಾತಾಡುವುದು?’ ಎಂಬುದಕ್ಕೆ ‘ಹೂ ಆರ್ ಯೂ?’ ಎನ್ನುವುದು ಪೊಲೀಸ್ ಠಾಣೆಯ ಧಾಟಿ. ‘ಮೇ ಐ ನೋ ಹೂ ಈಸ್ ಕಾಲಿಂಗ್?’ ಎಂದರೆ ಸರಿ.

ಇಂಗ್ಲಿಷ್ ತನ್ನ ಗೌರವವನ್ನು ಹೆಚ್ಚಾಗಿ ಎರಡು ಉಪಾಯಗಳಿಂದ ಕಟ್ಟುತ್ತದೆ. ಮೊದಲನೆಯದು, ಹೇಳಬೇಕಾದ್ದನ್ನು ಕೇಳುವುದು. ಆಜ್ಞೆಯನ್ನು ಪ್ರಶ್ನೆಯಾಗಿಸಿದರೆ ಎದುರಿನವರಿಗೆ ಇಲ್ಲ ಎನ್ನುವ ಅವಕಾಶ ಸಿಗುತ್ತದೆ. ನಮ್ಮ ‘ಸ್ವಲ್ಪ ಆಚೆ ಸರಿಯುತ್ತೀರಾ?’ ಇದೇ ತಂತ್ರ. ಎರಡನೆಯದು, ವರ್ತಮಾನದ ಮಾತಿಗೆ ಭೂತಕಾಲದ ರೂಪ ಕೊಡುವುದು. ‘ಕ್ಯಾನ್ ಯೂ’ಗಿಂತ ‘ಕುಡ್ ಯೂ’, ‘ಐ ವಾಂಟ್’ಗಿಂತ ‘ಐ ವುಡ್ ಲೈಕ್’ ಮೃದು. ಕಾಲದಲ್ಲಿ ಹಿಂದೆ ಸರಿದರೆ ಮಾತು ಎದುರಿನವರ ಮೈಮೇಲೆ ಬೀಳದೆ ಒಂದು ಹೆಜ್ಜೆ ದೂರ ನಿಲ್ಲುತ್ತದೆ. ದೊಡ್ಡವರ ಮುಂದೆ ತುಸು ಹಿಂದೆ ಸರಿದು ನಿಲ್ಲುವ ನಮ್ಮ ಪದ್ಧತಿಯನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಮಾಡುತ್ತದೆ ಎನ್ನಬಹುದು.

ಈಗ ತಲೆಬರಹದ ಪ್ರಶ್ನೆ. ‘ಯೂ’ ಎಂದರೆ ‘ನೀನು’ ಎಂದೇ ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿದೆ. ಹಿರಿಯರಿಗೆ ‘ಯೂ’ ಎನ್ನಲು ನಾಲಿಗೆ ಹಿಂಜರಿಯುತ್ತದೆ, ಆ ಹಿಂಜರಿಕೆ ತುಂಬಲು ವಾಕ್ಯಕ್ಕೊಂದು ‘ಸರ್’ ಸೇರಿಕೊಳ್ಳುತ್ತದೆ. ನಡೆದದ್ದು ತಿರುಗುಮುರುಗು. ಹಳೆಯ ಇಂಗ್ಲಿಷಿನಲ್ಲಿ ನಮ್ಮಂತೆಯೇ ಎರಡು ಪದಗಳಿದ್ದವು. ‘ದೌ’ ಒಬ್ಬನಿಗೆ, ‘ಯೀ’ ಮತ್ತು ‘ಯೂ’ ಹಲವರಿಗೆ. ಕನ್ನಡದ ‘ನೀವು’ ಬಹುವಚನವೇ ಗೌರವದ ಏಕವಚನವಾದಂತೆ ಅಲ್ಲಿಯೂ ದೊಡ್ಡವರಿಗೆ ಬಹುವಚನದ ‘ಯೂ’ ಬಳಕೆಗೆ ಬಂತು. ಕ್ರಮೇಣ ಎಲ್ಲರೂ ಎಲ್ಲರಿಗೂ ‘ಯೂ’ ಎನ್ನತೊಡಗಿ, 17ನೇ ಶತಮಾನ ಮುಗಿಯುವ ಹೊತ್ತಿಗೆ ‘ದೌ’ ಶಿಷ್ಟರ ದಿನನಿತ್ಯದ ಮಾತಿನಿಂದ ಬಹುಮಟ್ಟಿಗೆ ಮರೆಯಾಯಿತು. ಆ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದ ಜಾರ್ಜ್ ಫಾಕ್ಸ್ ಮತ್ತು ಅವನ ಅನುಯಾಯಿಗಳು ದೇವರ ಮುಂದೆ ಎಲ್ಲರೂ ಸಮಾನರೆಂದು ಪಟ್ಟು ಹಿಡಿದು ನ್ಯಾಯಾಧೀಶರಿಗೂ ‘ದೌ’ ಎಂದು ಏಕವಚನ ಹಾಕಿದರು, ಬೈಗುಳವನ್ನೂ ಏಟನ್ನೂ ತಿಂದರು. ಒಟ್ಟಿನಲ್ಲಿ ಸತ್ತದ್ದು ಇಂಗ್ಲಿಷಿನ ‘ನೀನು’, ಉಳಿದದ್ದು ‘ನೀವು’. ಇಂಗ್ಲಿಷಿನವರು ಬೀದಿಯ ಮಗುವಿಗೂ ಬಹುವಚನವನ್ನೇ ಹಾಕುತ್ತಿದ್ದಾರೆ. ಧೈರ್ಯವಾಗಿ ‘ಯೂ’ ಎನ್ನಿ.

## ‘ಸರ್’ ಎಂಬ ಪದದ ಭಾರ

‘ಸರ್’ ಎಂಬುದರ ಬೇರು ಲ್ಯಾಟಿನ್ನಿನ ‘ಸೀನಿಯರ್’, ಅಂದರೆ ಹಿರಿಯ. ನಮ್ಮ ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕುಗಳಲ್ಲಿ ಅದಕ್ಕೆ ‘ಸ್ವಾಮಿ’, ‘ಸಾಹೇಬರೇ’ ಎಂಬುದರ ಸ್ಥಾನ ಸಿಕ್ಕಿದೆ. ಅಲ್ಲಿ ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಬಿಟ್ಟರೆ ಕಡತವೇ ಕದಲದಿರಬಹುದು. ಆದರೆ ಬ್ರಿಟನ್, ಅಮೆರಿಕಗಳ ಕಚೇರಿಗಳಲ್ಲಿ ಮೇಲಧಿಕಾರಿಯನ್ನು ‘ಸರ್’ ಎನ್ನುವ ರೂಢಿ ಸೈನ್ಯ, ಪೊಲೀಸ್ ಇಲಾಖೆಗಳಂಥ ಕಡೆ ಬಿಟ್ಟರೆ ಕಡಿಮೆ. ಅಲ್ಲಿ ಆ ಪದ ಹೆಚ್ಚಾಗಿ ಕೇಳಿಸುವುದು ಅಂಗಡಿಯವರು ಗಿರಾಕಿಗೆ, ಹೋಟೆಲಿನವರು ಅತಿಥಿಗೆ ಹೇಳುವಾಗ. ಬ್ರಿಟನ್ನಿನ ಶಾಲೆಗಳಲ್ಲಿ ಮಾತ್ರ ನಮ್ಮಂತೆಯೇ ಮಕ್ಕಳು ಮೇಷ್ಟ್ರಿಗೆ ‘ಸರ್’ ಎನ್ನುತ್ತಾರೆ, ಶಿಕ್ಷಕಿಗೆ ‘ಮಿಸ್’ ಎನ್ನುತ್ತಾರೆ.

ಹೀಗಾಗಿ ವ್ಯವಸ್ಥಾಪಕರು ‘ಕಾಲ್ ಮಿ ಜಾನ್’ ಎಂದರೆ ಅದು ಔಪಚಾರಿಕ ವಿನಯವಲ್ಲ, ನಿಜವಾದ ಕೋರಿಕೆ. ಅನಂತರವೂ ‘ಜಾನ್ ಸರ್’ ಎಂದರೆ ಅವರಿಗೆ ನೀವು ಮಾತು ಕೇಳಿಸಿಕೊಳ್ಳಲಿಲ್ಲವೆಂದು ಅನಿಸಬಹುದು. ‘ಜಾನ್ ಸರ್’ ಎಂಬ ಜೋಡಣೆಯೂ ಕನ್ನಡದ್ದೇ: ‘ರಾಯರು’, ‘ಅವರು’, ‘ಮೇಷ್ಟ್ರು’ ಎಲ್ಲವನ್ನೂ ನಾವು ಹೆಸರಿನ ಹಿಂದೆ ಕಟ್ಟುತ್ತೇವೆ. ಇಂಗ್ಲಿಷಿನಲ್ಲಿ ಬಿರುದು ಹೆಸರಿನ ಮುಂದೆ ನಡೆಯುತ್ತದೆ, ನಮ್ಮ ‘ಶ್ರೀ’ಯಂತೆ.

ಹಾಗಾದರೆ ‘ಸರ್ ಜಾನ್’ ಎನ್ನಬಹುದೇ? ಎಂದರೆ ಅವರಿಗೆ ನೈಟ್ ಪದವಿಯನ್ನೇ ದಯಪಾಲಿಸಿದಂತೆ. ಹೆಸರಿನ ಮುಂದಿನ ‘ಸರ್’ ಬ್ರಿಟಿಷ್ ದೊರೆ ಕೊಡುವ ಗೌರವ. 1915ರಲ್ಲಿ ಅದನ್ನು ಪಡೆದ ವಿಶ್ವೇಶ್ವರಯ್ಯನವರು ನಮಗೆ ಇಂದಿಗೂ ‘ಸರ್ ಎಂ.ವಿ.’. ಬೆಂಗಳೂರಿನ ರೈಲ್ವೆ ಟರ್ಮಿನಲ್ಲಿನ ಹೆಸರಿನಲ್ಲೂ ಆ ‘ಸರ್’ ಉಳಿದಿದೆ. ಈ ‘ಸರ್’ ಸೇರುವುದು ಕುಲನಾಮಕ್ಕಲ್ಲ, ವ್ಯಕ್ತಿಯ ಸ್ವಂತ ಹೆಸರಿಗೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರನ್ನು ಜನ ‘ಸರ್ ಮಿರ್ಜಾ’ ಎಂದರೇ ಹೊರತು ‘ಸರ್ ಇಸ್ಮಾಯಿಲ್’ ಎನ್ನಲಿಲ್ಲ.

ಸಂಬೋಧನೆಯ ಭಾರ ಇಳಿಸುವ ಪ್ರಯತ್ನ ನಮ್ಮ ನ್ಯಾಯಾಲಯಗಳಲ್ಲೂ ನಡೆದಿದೆ. ‘ಮೈ ಲಾರ್ಡ್’ ವಸಾಹತು ಕಾಲದ ಪಳೆಯುಳಿಕೆ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ನಿಯಮ ಮಾಡಿ, ಮೇಲಿನ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’ ಎಂದೂ ಕೆಳಗಿನವುಗಳಲ್ಲಿ ‘ಸರ್’ ಅಥವಾ ಆಯಾ ಭಾಷೆಯ ಸಮಾನ ಪದವೆಂದೂ ಸೂಚಿಸಿತು. ಕರ್ನಾಟಕ ಹೈಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು 2021ರಲ್ಲಿ ತಮಗೆ ‘ಮೈ ಲಾರ್ಡ್’ ಬೇಡವೆಂದು ವಕೀಲರನ್ನು ಕೋರಿದ್ದರು. ರೂಢಿ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ.

## ಇನಿಷಿಯಲ್ಲಿನ ಪೇಚು

ಹೆಸರು ಹಿಡಿದು ಕರೆಯಲು ಹೇಳುವವರೆಗೆ ‘ಮಿಸ್ಟರ್’, ‘ಮಿಸ್’ ಮೊದಲಾದವುಗಳೊಡನೆ ಕುಲನಾಮ ಸೇರಿಸುವುದು ಇಂಗ್ಲಿಷಿನ ಪದ್ಧತಿ. ಪದ್ಧತಿ ಸರಳ, ಕುಲನಾಮ ಇದ್ದರೆ. ಹಳೆ ಮೈಸೂರಿನ ನಮ್ಮಲ್ಲಿ ಅನೇಕರಿಗೆ ಅದು ಇಲ್ಲ. ಎಚ್. ಎನ್. ರಮೇಶ ಎಂದರೆ ಹೊಳೆನರಸೀಪುರದ ನಂಜುಂಡಯ್ಯನವರ ಮಗ ರಮೇಶ. ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿ ಬರೆದರೆ ಯಾವುದೋ ವಿಮಾನ ನಿಲ್ದಾಣದಲ್ಲಿ ಅವನನ್ನು ‘ಮಿಸ್ಟರ್ ಹೊಳೆನರಸೀಪುರ’ ಎಂದು ಕೂಗುತ್ತಾರೆ. ಒಂದಿಡೀ ತಾಲ್ಲೂಕು ಎದ್ದು ನಿಲ್ಲಬೇಕಾಗುತ್ತದೆ. ಒಂದೇ ಹೆಸರಿನವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಕಂಪ್ಯೂಟರ್‌ಗೆ ಅದೂ ಒಂದು ಹೆಸರೇ. ಪರಿಹಾರ ಸುಲಭ: ಪರಿಚಯದಲ್ಲೇ ‘ಪ್ಲೀಸ್ ಕಾಲ್ ಮಿ ರಮೇಶ್’ ಎಂದುಬಿಡುವುದು.

ಮಹಿಳೆಯರ ವಿಷಯದಲ್ಲಿ ‘ಮಿಸ್’, ‘ಮಿಸೆಸ್’ ಎರಡೂ ಮದುವೆಯ ಸುದ್ದಿ ಹೇಳುತ್ತವೆ. ಗಂಡಸಿನ ‘ಮಿಸ್ಟರ್’ ಅದನ್ನು ಹೇಳುವುದಿಲ್ಲ. ಈ ತಾರತಮ್ಯ ಕಳೆಯಲು ‘ಮಿಝ್’ ಎಂಬ ರೂಪವನ್ನು ಅಮೆರಿಕದ ಪತ್ರಿಕೆಯೊಂದು 1901ರಲ್ಲೇ ಸೂಚಿಸಿತ್ತು. 1970ರ ದಶಕದ ಮಹಿಳಾ ಚಳವಳಿ ಅದನ್ನು ಚಾಲ್ತಿಗೆ ತಂದಿತು, ನ್ಯೂಯಾರ್ಕ್ ಟೈಮ್ಸ್ 1986ರಲ್ಲಿ ಒಪ್ಪಿಕೊಂಡಿತು. ಕಚೇರಿಯಲ್ಲಿ ಇದೇ ನಿರಪಾಯಕರ. ವೈದ್ಯರಿಗೆ, ಪಿಎಚ್.ಡಿ. ಪಡೆದವರಿಗೆ ‘ಡಾಕ್ಟರ್’. ಆದರೆ ಬ್ರಿಟನ್ನಿನ ಶಸ್ತ್ರಚಿಕಿತ್ಸಕರು ತಮ್ಮನ್ನು ‘ಮಿಸ್ಟರ್’ ಎಂದೇ ಕರೆಯಿಸಿಕೊಳ್ಳುತ್ತಾರೆ. ಕ್ಷೌರಿಕರೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲದಿಂದ ಬಂದ ಸಂಪ್ರದಾಯ ಅದು.

## ‘ಮೈಸೆಲ್ಫ್’ ಎಲ್ಲಿಂದ ಬಂತು?

‘ಮೈಸೆಲ್ಫ್ ರಮೇಶ್’ ಎಂದು ಪರಿಚಯಿಸಿಕೊಳ್ಳುವುದನ್ನು ನೋಡಿ ನಗುವವರಿದ್ದಾರೆ. ನಗುವ ಬದಲು ಅದು ಏಕೆ ಬರುತ್ತದೆ ಎಂದು ನೋಡೋಣ. ಕನ್ನಡದಲ್ಲಿ ‘ನಾನು ರಮೇಶ’ ಎಂದರೆ ವಾಕ್ಯ ಪೂರ್ಣ, ಕ್ರಿಯಾಪದ ಬೇಕಿಲ್ಲ. ಅದೇ ಅಚ್ಚಿನಲ್ಲಿ ‘ಐ ರಮೇಶ್’ ಎಂದರೆ ಕಿವಿಗೆ ಬೋಳು. ‘ಐ’ಗಿಂತ ಉದ್ದವಾದ, ವಿನಯದಂತೆ ತೋರುವ ‘ಮೈಸೆಲ್ಫ್’ ಆ ಜಾಗಕ್ಕೆ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ‘ಮೈಸೆಲ್ಫ್’ ಕರ್ತೃವಾಗಿ ಒಂಟಿಯಾಗಿ ನಿಲ್ಲಲಾರದು. ‘ಐ ಆ್ಯಮ್ ರಮೇಶ್’ ಅಥವಾ ‘ಮೈ ನೇಮ್ ಈಸ್ ರಮೇಶ್’ ಎನ್ನಬೇಕು, ಫೋನಿನಲ್ಲಾದರೆ ‘ದಿಸ್ ಈಸ್ ರಮೇಶ್’. ಎದುರಿನವರ ಹೆಸರು ಕೇಳುವಾಗ ‘ಗುಡ್ ನೇಮ್’ ಎನ್ನುವುದು ‘ಶುಭನಾಮ’ದ ಅನುವಾದ, ಭಾರತದ ಹೊರಗೆ, ಹಾಗಾದರೆ ಕೆಟ್ಟ ಹೆಸರೂ ಒಂದಿದೆಯೇ ಎಂದು ಕೇಳಿಯಾರು.

ಮೊದಲ ಭೇಟಿಯಲ್ಲಿ ‘ನೈಸ್ ಟು ಮೀಟ್ ಯೂ’, ಎರಡನೆಯದರಿಂದ ‘ನೈಸ್ ಟು ಸೀ ಯೂ’. ‘ಮೀಟ್’ ಎಂದರೆ ಇಲ್ಲಿ ಪರಿಚಯವಾಗುವುದು. ಹಿಂದೆ ಭೇಟಿಯಾದವರಿಗೆ ಮತ್ತೆ ‘ಮೀಟ್’ ಎಂದರೆ ಅವರನ್ನು ಮರೆತಿದ್ದೀರೆಂದು ಒಪ್ಪಿಕೊಂಡಂತೆ. ಇಬ್ಬರನ್ನು ಪರಸ್ಪರ ಪರಿಚಯಿಸುವಾಗ ಹಿರಿಯರ ಹೆಸರು ಮೊದಲು, ನಮ್ಮಲ್ಲಿ ‘ಅಜ್ಜಾ, ಇವನು ನನ್ನ ಗೆಳೆಯ’ ಎನ್ನುವಂತೆಯೇ.

ಕೈಕುಲುಕುವ ವಿಷಯಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಹಿರಿಯರೋ ಆತಿಥೇಯರೋ ಕೈ ಚಾಚುವವರೆಗೆ ಕಾಯಬಹುದು. ಇಷ್ಟವಿಲ್ಲದವರು ಕೈ ಜೋಡಿಸಿ ನಕ್ಕರೆ ಸಾಕು. 2020ರ ಸಾಂಕ್ರಾಮಿಕದ ಸಮಯದಲ್ಲಿ ವಿದೇಶದ ನಾಯಕರೇ ನಮಸ್ತೆ ಮಾಡಿದ್ದನ್ನು ಎಲ್ಲರೂ ನೋಡಿದ್ದಾರೆ. ಕಣ್ಣಿನ ಬಗ್ಗೆ ಮಾತ್ರ ಒಂದು ಮಾತು. ಹಿರಿಯರ ಎದುರು ದೃಷ್ಟಿ ತಗ್ಗಿಸುವುದು ನಮ್ಮಲ್ಲಿ ವಿನಯ. ಇಂಗ್ಲಿಷ್ ಕಚೇರಿಗಳಲ್ಲಿ ಅದನ್ನು ಹಿಂಜರಿಕೆ ಎಂದೋ ಏನನ್ನೋ ಮುಚ್ಚಿಡುವುದೆಂದೋ ಓದಿಯಾರು. ವಂದಿಸುವಾಗಲಾದರೂ ಮುಖ ನೋಡಬೇಕು. ವಿಡಿಯೊ ಕರೆಯಲ್ಲಿ ಮುಖ ನೋಡುವುದೆಂದರೆ ಕ್ಯಾಮೆರಾ ನೋಡುವುದು.

## ‘ಡಿಯರ್’ ಅಂದರೆ ಪ್ರೀತಿಯಲ್ಲ

ಅಪರಿಚಿತ ಅಧಿಕಾರಿಗೆ ‘ಡಿಯರ್’ ಎಂದು ಬರೆಯಲು ಸಂಕೋಚಪಡುವವರನ್ನು ಕಂಡಿದ್ದೇನೆ. ಪತ್ರದ ಆರಂಭದ ಆ ಪದದಲ್ಲಿ ಈಗ ಪ್ರೀತಿಯ ಪಸೆ ಉಳಿದಿಲ್ಲ. ನಮ್ಮ ‘ಮಾನ್ಯರೇ’ ಎಷ್ಟು ಯಾಂತ್ರಿಕವೋ ಅದೂ ಅಷ್ಟೇ. ‘ರೆಸ್ಪೆಕ್ಟೆಡ್ ಸರ್’ ಇದೆಯಲ್ಲ, ರಜೆ ಅರ್ಜಿಯಲ್ಲಿ ನಾವೆಲ್ಲ ಬರೆದದ್ದು, ಅದು ‘ಮಾನ್ಯರೇ’ಯ ನೇರ ಅನುವಾದ. ಭಾರತದೊಳಗೆ ನಡೆಯುತ್ತದೆ, ಹೊರಗೆ ವಿಚಿತ್ರವಾಗಿ ಕಾಣುತ್ತದೆ.

ಬ್ರಿಟಿಷ್ ಪದ್ಧತಿಯಲ್ಲಿ ಪತ್ರದ ತಲೆಗೂ ಬಾಲಕ್ಕೂ ಜೋಡಿ ಇದೆ. ಹೆಸರು ತಿಳಿಯದೆ ‘ಡಿಯರ್ ಸರ್ ಆರ್ ಮೇಡಂ’ ಎಂದು ಶುರು ಮಾಡಿದರೆ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸಬೇಕು. ‘ಡಿಯರ್ ಮಿಝ್ ರಾವ್’ ಎಂದು ಹೆಸರು ಹಿಡಿದರೆ ‘ಯುವರ್ಸ್ ಸಿನ್ಸಿಯರ್ಲಿ’. ಅಮೆರಿಕದವರು ‘ಸಿನ್ಸಿಯರ್ಲಿ’ ಒಂದರಲ್ಲೇ ಸಾಗಿಸುತ್ತಾರೆ. ಇಮೇಲ್ ಬಂದ ಮೇಲೆ ‘ರಿಗಾರ್ಡ್ಸ್’ ಇವೆಲ್ಲವನ್ನೂ ನುಂಗಿದೆ. ಮೊದಲ ಇಮೇಲ್‌ಗೆ ‘ಡಿಯರ್’ ಬಳಸಿ, ಆ ಕಡೆಯಿಂದ ‘ಹಾಯ್’ ಎಂದು ಉತ್ತರ ಬಂದರೆ ಮುಂದಿನದರಲ್ಲಿ ನೀವೂ ‘ಹಾಯ್’ಗೆ ಇಳಿಯಬಹುದು. ಅವರು ಮೆಟ್ಟಿಲು ಇಳಿಯುವವರೆಗೆ ನೀವು ಇಳಿಯದಿರುವುದು ಲೇಸು. ಹೆಸರಿಲ್ಲದೆ ಬರಿಯ ‘ಡಿಯರ್’ ಎಂದು ನಿಲ್ಲಿಸಬೇಡಿ. ಆಗ ಮಾತ್ರ ಅದು ನಿಜವಾಗಿಯೂ ಪ್ರೀತಿಯಾಗಿಬಿಡುತ್ತದೆ.

## ಹೊರಡುವಾಗ

ಕನ್ನಡಿಗರು ಹೋಗುವಾಗ ‘ಬರುತ್ತೇನೆ’ ಎನ್ನುತ್ತಾರೆ. ‘ಹೋಗುತ್ತೇನೆ’ ಎಂಬುದು ಅಶುಭ. ಇದನ್ನು ‘ಐ ವಿಲ್ ಕಮ್’ ಎಂದು ಅನುವಾದಿಸಿ ಎದ್ದು ಹೋದರೆ ಉಳಿದವರು ನೀವು ಹಿಂದಿರುಗುವಿರೆಂದು ಕಾಯುತ್ತಾರೆ. ‘ಗುಡ್‌ಬೈ’ ಎಂಬುದು ‘ದೇವರು ನಿಮ್ಮೊಡನಿರಲಿ’ ಎಂಬ ಇಂಗ್ಲಿಷ್ ಹಾರೈಕೆ 16ನೇ ಶತಮಾನದ ಕೊನೆಯ ಹೊತ್ತಿಗೆ ಮುದುಡಿ ಆದ ಪದ. ಇಂದು ಕಚೇರಿಯಲ್ಲಿ ಅದು ತುಸು ಕೊನೆಯ ವಿದಾಯದಂತೆ ಕೇಳಿಸುವುದರಿಂದ ‘ಬೈ’, ‘ಸೀ ಯೂ ಟುಮಾರೊ’, ‘ಹ್ಯಾವ್ ಎ ಗುಡ್ ಡೇ’ ಹೆಚ್ಚು ಬಳಕೆಯಲ್ಲಿವೆ. ಧನ್ಯವಾದಕ್ಕೆ ಮರುಮಾತಾಗಿ ನಮ್ಮಲ್ಲಿ ಕೇಳಿಬರುವ ‘ಮೆನ್ಶನ್ ನಾಟ್’ ಹೊರಗೆಲ್ಲೂ ಚಲಾವಣೆಯಲ್ಲಿಲ್ಲ. ‘ಯೂ ಆರ್ ವೆಲ್‌ಕಮ್’ ಎನ್ನಬೇಕು.

ಆ ಸಂಜೆ ನಮ್ಮ ಬೀದಿಯ ಹುಡುಗಿ ‘ಹಲೋ ಎವ್ರಿಒನ್’ ಎಂದಳಂತೆ. ಬೆಂಗಳೂರಿನವರು ‘ಗುಡ್ ಈವ್ನಿಂಗ್’, ಲಂಡನ್ನಿನವರು ‘ಗುಡ್ ಆಫ್ಟರ್‌ನೂನ್’, ನ್ಯೂಜೆರ್ಸಿಯವರು ‘ಗುಡ್ ಮಾರ್ನಿಂಗ್’ ಎಂದು ಮೂವರೂ ಒಟ್ಟಿಗೆ ಹೇಳಿ ನಕ್ಕರಂತೆ. ನಲವತ್ತು ನಿಮಿಷ ಮಾತು ಸಲೀಸಾಗಿ ನಡೆಯಿತು. ಕೊನೆಗೆ ‘ಥ್ಯಾಂಕ್ ಯೂ ಫಾರ್ ಯುವರ್ ಟೈಮ್’ ಎಂದವಳಿಗೆ ಮೊದಲು ಕರೆ ಕಡಿಯಬೇಕಾದವರು ಯಾರೆಂದು ತಿಳಿಯಲಿಲ್ಲ. ದೊಡ್ಡವರು ಏಳುವ ಮುನ್ನ ತಾನು ಏಳಬಾರದೆಂದು ಮುಗುಳ್ನಗುತ್ತಲೇ ಕುಳಿತಿದ್ದಳು. ಆ ಕಡೆಯ ಮೂವರೂ ಅಭ್ಯರ್ಥಿ ಹೊರಡಲಿ ಎಂದು ಕಾಯುತ್ತಿದ್ದರು. ಒಂದಷ್ಟು ಹೊತ್ತು ಹಾಗೇ ಕಳೆದ ಮೇಲೆ ಅವಳು ಕೈ ಬೀಸಿ, ‘ಬೈ’ ಎಂದು, ಕೆಂಪು ಗುಂಡಿ ಒತ್ತಿದಳು.